ಬೇಟಿಗಡ್ಡಿಯ ಅಂಜಿಕೆ

ಹುಡಗಿ ಎಂಬ ಊರಿನಿಂದ ಸೊಸೆಯಾಗಿ ಬಂದ ಹೊತ್ತಿನಲ್ಲಿ ಚಂದಮ್ಮನಿಗೆ ಅಂಜಿಕೆ ಎಂದರೆ ಏನೆಂದೇ ಗೊತ್ತಿರಲಿಲ್ಲ. ಈಗ ಈ ಮಾತು ಹೇಳಿದರೆ ಊರಿನವರು ಬಿದ್ದು ಬಿದ್ದು ನಗುತ್ತಾರೆ. ಅವರಿಗೆ ಗೊತ್ತಿರುವುದು ಅಂಜುಬುರುಕಿ ಚಂದಮ್ಮ. ಮೋಡ ಕಟ್ಟಿದರೆ ಬಾಗಿಲಿಗೆ ಅಗಳಿ ಹಾಕುವವಳು, ಕೊಡ ತುಂಬುವ ಸದ್ದಿಗೂ ಬೆಚ್ಚಿಬೀಳುವವಳು. ನಗಲಿ ಬಿಡಿ, ನಗುವವರಿಗೇನು, ಹಲ್ಲಿದ್ದರೆ ಸಾಕು. ಮದುವೆಯ ಹೊಸತರಲ್ಲಿ ಕಾಳು ತುಂಬುವ ಹಗೇವಿನ ಬಾಯಲ್ಲಿ ಹಾವು ಕಂಡಾಗ ಗಂಡ ಬಕ್ಕಪ್ಪ ಕಟ್ಟೆ ಏರಿ ನಿಂತಿದ್ದ. ಕೋಲು ಹಿಡಿದು ಹೋದವಳು ಇವಳು. ಅಂಥ ಹೆಂಗಸನ್ನು ಕಡೆಗೆ ಅಂಜಿಸಿದ್ದು ಒಂದು ಹೆಸರು.

ಮದುವೆಯಾದದ್ದು ೧೯೫೬ರ ಬೇಸಿಗೆಯಲ್ಲಿ. ಅದೇ ವರ್ಷ ದೀಪಾವಳಿಯ ಹೊತ್ತಿಗೆ ಬೀದರ ಜಿಲ್ಲೆ ಹೈದರಾಬಾದನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಜನರ ಬಾಯಲ್ಲಿ ಕಲ್ಯಾಣಿ ಹೋಗಿ ಬಸವಕಲ್ಯಾಣ ಬರತೊಡಗಿದ್ದ ಕಾಲ ಅದು. ಬಕ್ಕಪ್ಪನ ಊರು ಬಸವಕಲ್ಯಾಣಕ್ಕೂ ಹುಮನಾಬಾದಿಗೂ ನಡುವೆ, ದೊಡ್ಡ ರಸ್ತೆ ಬಿಟ್ಟು ಒಳಗೆ. ಊರ ಮುಂದೆ ಹಳೆಯ ಕೆರೆ, ಕೆರೆಯ ನಡುವೆ ಒಂದು ದಿಬ್ಬ. ಬೇಸಿಗೆಯಲ್ಲಿ ಅದು ಬರೀ ದಿಬ್ಬ: ನಾಲ್ಕು ಸೀತಾಫಲದ ಗಿಡ, ಒಂದಿಷ್ಟು ಕರಿಕೆ, ಮೇಯುವ ಆಡುಗಳು. ಮಿರಗದ ಮಳೆ ಹೊಡೆದು ಕೆರೆ ತುಂಬಿತೆಂದರೆ ಸುತ್ತಲೂ ನೀರು ನಿಂತು ಅದು ಗಡ್ಡಿಯಾಗುತ್ತಿತ್ತು. ನಡುಗಡ್ಡೆಗೆ ಈ ಕಡೆಯವರು ಅನ್ನುವುದು ಹಾಗೆಯೇ. ಅದರ ಹೆಸರು ಬೇಟಿಗಡ್ಡಿ.

ಬೇಟಿ ಎಂದರೆ ಮಗಳು. ಇದನ್ನು ಆ ಊರಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಿಜಾಮರ ಕಾಲದಲ್ಲಿ ಹುಟ್ಟಿದ ಮಂದಿ, ಉರ್ದು ಎಲ್ಲರ ನಾಲಿಗೆಯ ಮೇಲೂ ಇತ್ತು. ಹೆಸರಿದ್ದ ಮೇಲೆ ಕಥೆ ಹುಟ್ಟದೆ ಇದ್ದೀತೇ? ಕೆರೆ ಕಟ್ಟುವಾಗ ಏರಿ ನಿಲ್ಲಲಿಲ್ಲವಂತೆ. ಕಟ್ಟಿದ್ದೆಲ್ಲ ಒಡೆದು ಒಡೆದು ಹೋಯಿತಂತೆ. ಕಡೆಗೆ ಒಬ್ಬ ಮಗಳನ್ನು ನೀರಿಗೆ ಕೊಟ್ಟರಂತೆ, ಆಕೆ ನಿಂತ ಜಾಗವೇ ಗಡ್ಡಿಯಾಯಿತಂತೆ. ಯಾರ ಮಗಳು ಎಂದು ಕೇಳಿದರೆ ಮಾತ್ರ ಒಬ್ಬೊಬ್ಬರದು ಒಂದೊಂದು ರಾಗ. ಜಾಗೀರದಾರನ ಮಗಳು ಎಂದು ಒಬ್ಬ, ಗುತ್ತೇದಾರನ ಮಗಳು ಎಂದು ಇನ್ನೊಬ್ಬ. ಹೇಳುವವನಿಗೆ ಯಾರ ಮೇಲೆ ಸಿಟ್ಟೋ ಅವರ ಮಗಳು.

ಕಥೆಯ ಬೆನ್ನಿಗೆ ಒಂದು ಪದ್ಧತಿಯೂ ಅಂಟಿಕೊಂಡಿತ್ತು. ಗಡ್ಡಿಯ ಸುತ್ತ ನೀರಿರುವ ತನಕ ಹೆಣ್ಣುಮಕ್ಕಳ ಹೆಸರನ್ನು ಬಯಲಿನಲ್ಲಿ ಕೂಗಬಾರದು. ನೀರು ಕೇಳಿಸಿಕೊಂಡರೆ ಆ ಹೆಸರಿನವಳನ್ನು ಬೇಡುತ್ತದೆ. ಹೊಸ್ತಿಲ ಒಳಗೆ ಏನಾದರೂ ಕರೆಯಿರಿ, ಹೊಸ್ತಿಲು ದಾಟಿದರೆ ಎಲ್ಲ ಹುಡುಗಿಯರೂ ‘ತಮ್ಮಾ’. ಬಸವಣ್ಣನ ಗುಡಿಯ ಓಣಿಯಲ್ಲೂ ಅದೇ, ಮಸೂತಿಯ ಓಣಿಯಲ್ಲೂ ಅದೇ. ಮಳೆಗಾಲದ ಸಂಜೆ ಆ ಊರಿಗೆ ಬಂದ ಪರಸ್ಥಳದವನು, ಇಲ್ಲಿ ಬರೀ ಗಂಡುಮಕ್ಕಳೇ ಹುಟ್ಟುತ್ತಾರೆಂದು ಹೊಟ್ಟೆ ಉರಿದುಕೊಂಡು ಹೋಗಬೇಕು.

ಅತ್ತೆ ಪಾರ್ವತಿಬಾಯಿ ಇದನ್ನೆಲ್ಲ ಹೊಸ ಸೊಸೆಗೆ ರೊಟ್ಟಿ ಬಡಿಯುತ್ತ ಹೇಳಿದಳು. ಚಂದಮ್ಮ ನಕ್ಕೇಬಿಟ್ಟಳು.

“ಅತ್ತಿ, ನಮ್ಮ ಊರಿನ ಹೆಸರs ಹುಡಗಿ ಅದ. ಹಂಗಂತ ನಮ್ಮ ಊರಾಗ ಯಾವ ಹುಡುಗೀನೂ ನೀರಿಗಿ ಕೊಟ್ಟಿಲ್ರಿ.”

ಪಾರ್ವತಿಬಾಯಿ ನಗಲಿಲ್ಲ. ಹಂಚಿನ ಮೇಲಿನ ರೊಟ್ಟಿ ಹೊರಳಿಸಿ, “ನಿನಗೊಂದು ಮಗಳು ಹುಟ್ಟಲಿ. ಆಮ್ಯಾಗ ನಗುವಂತಿ” ಎಂದಳು.

ಅದು ಶಾಪವೇನಲ್ಲ, ಆದರೆ ಶಾಪದ ಕೆಲಸ ಮಾಡಿತು. ಎರಡು ಕೂಸು ಹೊಟ್ಟೆಯಲ್ಲೇ ಹೋದವು. ಮೂರನೆಯದು ನಿಂತಿತು, ಹುಟ್ಟಿತು, ಉಳಿಯಿತು. ಹೆಣ್ಣು ಕೂಸು. ಭಾಗಮ್ಮ ಎಂದು ಹೆಸರಿಟ್ಟರು, ಮನೆಯೊಳಗೆ ಭಾಗೀ. ಒಂದು ಶ್ರಾವಣದಲ್ಲಿ ಕೂಸನ್ನು ಬಗಲಿಗೆ ಹಾಕಿಕೊಂಡು ಚಂದಮ್ಮ ಕೆರೆಯ ಏರಿಯ ಮೇಲೆ ನಡೆದು ಹೋಗುತ್ತಿದ್ದಳು. ಕೆರೆ ತುಂಬಿ ತುಳುಕುತ್ತಿತ್ತು. ನಡುವೆ ಗಡ್ಡಿ ಒಂಟಿಯಾಗಿ, ಕರ್ರಗೆ ನಿಂತಿತ್ತು. ಕೂಸು ಕಿಲಕಿಲ ನಕ್ಕು ನೀರಿನ ಕಡೆಗೆ ಕೈ ಚಾಚಿತು. ಚಂದಮ್ಮ ಆ ಕೈಯನ್ನು ಹಿಡಿದು ಒಳಗೆಳೆದಳು. “ಬ್ಯಾಡ ಭಾ...” ಎಂದು ಬಾಯಿಗೆ ಬಂದದ್ದನ್ನು ನುಂಗಿ, “ಬ್ಯಾಡ ತಮ್ಮಾ” ಎಂದಳು. ಹುಡಗಿಯಲ್ಲಿ ನಗುತ್ತ ಬೆಳೆದ ಆ ಧೈರ್ಯ ಅವತ್ತೇ ಏರಿಯ ಮೇಲೆ ಉಳಿಯಿತು. ಮನೆಗೆ ಬಂದವಳು ಬೇರೆ ಚಂದಮ್ಮ.

ಇದ್ದವಳು ಒಬ್ಬಳೇ ಮಗಳು. ಕಣ್ಣು ಮುಚ್ಚಿ ತೆರೆದರೆ ಎಲ್ಲಿ ಕಾಣೆಯಾದಾಳೋ ಎಂಬ ಹಾಗೆ ಸಾಕಿದಳು. ಬಾವಿಯ ಕಡೆ ಬಗ್ಗಗೊಡಲಿಲ್ಲ, ಹಳ್ಳಕ್ಕೆ ಬಟ್ಟೆ ಒಗೆಯಲು ಜೊತೆಗೆ ಕರೆದೊಯ್ಯಲಿಲ್ಲ. ಆದರೆ ಮಕ್ಕಳನ್ನು ಗಂಟು ಕಟ್ಟಿ ಇಡಲಾದೀತೇ? ಭಾಗಿಗೆ ಜೀವದ ಗೆಳತಿ ತಾಹೇರಾ, ಕೆರೆಯ ತೂಬು ಎತ್ತಿ ಇಳಿಸುವ ಸಿರಾಜುದ್ದೀನನ ಮಗಳು. ಇಬ್ಬರಿಗೂ ಒಂದೇ ವಯಸ್ಸು, ಒಂದೇ ಎತ್ತರ. ಒಬ್ಬಳನ್ನು ಹುಡುಕಿದರೆ ಇಬ್ಬರೂ ಸಿಗುತ್ತಿದ್ದರು.

೧೯೭೦ರ ಆಷಾಢ. ಭಾಗಿಗೆ ಒಂಬತ್ತು ವರ್ಷ ಆಗಿರಬೇಕು. ನೀರು ಗಡ್ಡಿಯನ್ನು ಆಗಷ್ಟೇ ಸುತ್ತಿತ್ತು, ಇನ್ನೂ ಆಳವಿರಲಿಲ್ಲ. ದಂಡೆಯಿಂದ ಗಡ್ಡಿಯ ತನಕ ಹಳೆಯವರು ಕಲ್ಲಿನ ಸಾಲು ಹಾಕಿದ್ದರು. ಅದರ ಮೇಲೆ ನಡೆದರೆ ಮೊಣಕಾಲು ನೀರು. ಗಡ್ಡಿಯಿಂದ ಬರುವಾಗ ನಡುದಾರಿಯಲ್ಲಿ ಒಂದು ಕರಿಬಂಡೆ ಸಿಗುತ್ತದೆ. ಅಲ್ಲಿ ಕಲ್ಲಿನ ಸಾಲು ಬಲಕ್ಕೆ ಹೊರಳುತ್ತದೆ. ಹೊರಳದೆ ನೆಟ್ಟಗೆ ಹೋದರೆ ಏರಿಗೆ ಮಣ್ಣು ತೆಗೆದ ಗುಂಡಿ, ಆನೆ ಮುಳುಗುವಷ್ಟು ಆಳ. ಊರಿನ ಮಕ್ಕಳಿಗೆಲ್ಲ ಇದು ಗೊತ್ತು. ಕಲ್ಲು ಕಾಣುತ್ತಿರುವ ತನಕ ಗೊತ್ತು.

ಅವತ್ತು ಮಧ್ಯಾಹ್ನ ಒಂದು ಆಡಿನ ಮರಿ ಗಡ್ಡಿಯಲ್ಲೇ ಉಳಿದಿದೆಯೆಂದು ಇಬ್ಬರೂ ಹುಡುಗಿಯರು ಯಾರಿಗೂ ಹೇಳದೆ ದಾಟಿ ಹೋದರು. ಮೇಲಿನ ಸೀಮೆಯಲ್ಲಿ ಮಳೆಯಾಗಿತ್ತೆಂದು ಕಾಣುತ್ತದೆ, ನೋಡನೋಡುತ್ತ ಹಳ್ಳ ಬಂತು. ಜೊತೆಗೆ ಇಲ್ಲೂ ಮಳೆ ಹಿಡಿಯಿತು. ಚಂದಮ್ಮ ಮಗಳನ್ನು ಹುಡುಕುತ್ತ ದಂಡೆಗೆ ಬಂದಾಗ ಕಲ್ಲಿನ ಸಾಲು ಕೆಂಪು ನೀರಿನೊಳಗೆ ಮುಳುಗಿತ್ತು. ಹುಡುಗಿಯರು ಅದರ ಮೇಲೆಯೇ ಬರುತ್ತಿದ್ದರು, ಸೊಂಟದ ತನಕ ನೀರಿನಲ್ಲಿ. ಮುಂದೆ ತಾಹೇರಾ. ಆಕೆ ಕರಿಬಂಡೆ ದಾಟಿ, ಸರಿಯಾಗಿ ಹೊರಳಿ, ದಂಡೆಯ ಕಡೆಗೆ ನೆಟ್ಟಗೆ ಬರುತ್ತಿದ್ದಳು. ಹಿಂದೆ ಭಾಗೀ, ಮರಿಯನ್ನು ಎದೆಗೆ ಅವಚಿಕೊಂಡು, ಮಳೆಗೆ ತಲೆ ತಗ್ಗಿಸಿಕೊಂಡು. ಬಂಡೆಯ ಹತ್ತಿರ ಬಂದಳು. ಹೊರಳಲಿಲ್ಲ. ನೆಟ್ಟಗೆ ಗುಂಡಿಯ ಕಡೆಗೇ ಹೆಜ್ಜೆ ಹಾಕಿದಳು.

ಚಂದಮ್ಮನ ಹಿಂದೆಯೇ ಓಡಿ ಬಂದಿದ್ದ ಪಾರ್ವತಿಬಾಯಿ ಸೊಸೆಯ ರಟ್ಟೆ ಹಿಡಿದುಕೊಂಡಳು. “ಹೆಸರ ಕರೀಬ್ಯಾಡ! ನೀರ ಕೇಳ್ತದ, ಹೆಸರ ಕರೀಬ್ಯಾಡ!”

ಚಂದಮ್ಮ ಜೀವ ಹೋಗುವಂತೆ ಕೂಗಿದಳು: “ತಮ್ಮಾ! ಬಲಕ್ಕ ಹೊರಳು!”

ಎರಡು ತಲೆಗಳೂ ಎದ್ದವು. ಎರಡೂ ತಮ್ಮಂದಿರೇ. ಸರಿದಾರಿಯಲ್ಲಿದ್ದ ತಾಹೇರಾ, ತನಗೇ ಹೇಳುತ್ತಿದ್ದಾರೆಂದು, ಹಿರಿಯರ ಮಾತು ಮೀರದ ಹುಡುಗಿ, ಬಲಕ್ಕೆ ಹೊರಳಿದಳು. ಅಲ್ಲಿ ಕಲ್ಲಿರಲಿಲ್ಲ. ಒಂದು ಸಲ ಕೈ ಕಂಡಿತು, ಆಮೇಲೆ ಬರೀ ನೀರು.

ತೂಬಿನ ಕಟ್ಟೆಯಿಂದ ಸಿರಾಜುದ್ದೀನ್ ಧುಮುಕಿದ್ದನ್ನು ಚಂದಮ್ಮ ಕಡೆಗಣ್ಣಿನಲ್ಲಿ ಕಂಡಳು. ಆ ಮಾತು ಗೆಳತಿಗೆಂದುಕೊಂಡ ಭಾಗೀ ಮತ್ತೊಂದು ಹೆಜ್ಜೆ ಎತ್ತಿದ್ದಳು. ಆಗ ಚಂದಮ್ಮನಿಗೆ ಅತ್ತೆಯೂ ಉಳಿಯಲಿಲ್ಲ, ಪದ್ಧತಿಯೂ ಉಳಿಯಲಿಲ್ಲ. ಹೊಟ್ಟೆಯ ತಳದಿಂದ ಒಂದೇ ಒಂದು ಕೂಗು ಬಂತು.

“ಭಾಗೀ!”

ಹುಡುಗಿ ಎತ್ತಿದ ಕಾಲು ಎತ್ತಿದ ಹಾಗೆಯೇ ನಿಂತಳು. ಹುಟ್ಟಿದಂದಿನಿಂದ ಬಯಲಿನಲ್ಲಿ ಆ ಹೆಸರನ್ನು ಅವ್ವನ ಬಾಯಿಂದ ಮಳೆಗಾಲದಲ್ಲಿ ಕೇಳಿದವಳಲ್ಲ. “ನೀ ಬಲಕ್ಕ, ಕರಿಬಂಡಿ ಮುಟ್ಟಿಕೋತ ಬಲಕ್ಕ ಬಾ” ಎಂದು ಚಂದಮ್ಮ ಹೇಳುತ್ತ ಹೋದಳು, ಹುಡುಗಿ ಬಂದಳು. ಸಿರಾಜುದ್ದೀನ್ ಮಗಳನ್ನು ಕೂದಲು ಹಿಡಿದು ಎಳೆದು ತಂದ. ತಾಹೇರಾ ಕುಡಿದ ನೀರು ಕಕ್ಕಿ, ಬಹಳ ದಿನ ಜ್ವರದಲ್ಲಿ ಬಿದ್ದು, ಎದ್ದಳು. ಇಬ್ಬರೂ ಉಳಿದರು. ಇಲ್ಲಿಗೆ ಕಥೆ ಮುಗಿದು ಎಲ್ಲರೂ ಸಕ್ಕರೆ ಹಂಚಬೇಕಿತ್ತು.

ಚಂದಮ್ಮನ ಅಂಜಿಕೆ ಖರೇ ಶುರುವಾದದ್ದು ಅಲ್ಲಿಂದ. ಒದ್ದೆ ಮಗಳನ್ನು ಒರೆಸುತ್ತಿದ್ದಾಗ ಪಾರ್ವತಿಬಾಯಿ ಬಾಗಿಲಲ್ಲಿ ನಿಂತು ಹೇಳಿದಳು:

“ಹೆಸರ ಕೊಟ್ಟು ಬಂದಿ ನೀ. ನೀರ ಮರಿಯಂಗಿಲ್ಲ.”

ಮುದುಕಿ ಕೆಟ್ಟವಳಲ್ಲ, ಮೊಮ್ಮಗಳೆಂದರೆ ಆಕೆಗೂ ಪ್ರಾಣ. ಹೆದರಿದವರೇ ಹೆದರಿಸುವವರು, ಅಷ್ಟೇ. ಆ ಮಾತು ಆಡಿ ಎರಡು ವರ್ಷಕ್ಕೆ ಆಕೆ ಹೋದಳು, ಮಾತು ಮಾತ್ರ ಮನೆಯಲ್ಲಿ ಉಳಿಯಿತು. ಭಾಗಿಗೆ ಮೈ ಬೆಚ್ಚಗಾದರೆ ಚಂದಮ್ಮನಿಗೆ ನೀರು ಬಾಗಿಲಿಗೆ ಬಂದಂತೆ. ಹುಡುಗಿ ಕೆಮ್ಮಿದರೆ ತಾಯಿ ಗಡ್ಡಿಯ ಕಡೆ ನೋಡುತ್ತಿದ್ದಳು. ಮಳೆಗಾಲ ಬಂದಿತೆಂದರೆ ಮಗಳನ್ನು ಹುಡಗಿಯ ತವರಿಗೆ ದಬ್ಬಿ, ತಾನು ಇಲ್ಲಿ ಒಂದೊಂದು ತುತ್ತಿಗೂ ನಡುಗುತ್ತ ಕೂಡುತ್ತಿದ್ದಳು. ಊರವರು ಅಂಜುಬುರುಕಿ ಎಂದು ಹೆಸರಿಟ್ಟದ್ದು ಆಗಲೇ.

ಕಡೆಗೆ ಆಕೆಗೆ ಒಂದೇ ದಾರಿ ಕಂಡಿತು: ಈ ನೀರಿನ ಕಿವಿಗೆ ಬೀಳದಷ್ಟು ದೂರ ಮಗಳನ್ನು ಕಳಿಸುವುದು. ಭಾಗಿಗೆ ಹದಿನಾರು ತುಂಬುವ ಮುಂಚೆ, ಬಕ್ಕಪ್ಪ ಬೇಡ ಬೇಡವೆಂದರೂ ಕೇಳದೆ, ಗಡಿಯಾಚೆ ಮಹಾರಾಷ್ಟ್ರದ ನಿಲಂಗಾ ಕಡೆಯ ಒಂದು ಊರಿಗೆ ಕೊಟ್ಟಳು. ಅಳಿಯ ದೇವಿದಾಸ ಒಳ್ಳೆಯ ಹುಡುಗ, ಬೀಗತಿ ಸೋನುಬಾಯಿ ಬಾಯಿ ಜೋರಾದರೂ ಮನಸ್ಸು ಮೆತ್ತಗಿನವಳು. ಅದು ದೈವ, ಚಂದಮ್ಮ ಅದನ್ನೆಲ್ಲ ವಿಚಾರಿಸಿರಲಿಲ್ಲ. ದೂರ ಎಷ್ಟು ಎಂದಷ್ಟೇ ಕೇಳಿದ್ದಳು.

ಕಳಿಸಿಕೊಡುವ ದಿನ ಭಾಗೀ ತಾಯಿಯ ಕೊರಳಿಗೆ ಬಿದ್ದು, “ಪಂಚಮಿಗಿ ಕರ್ಯಾಕ ಯಾವಾಗ ಬರ್ತಿ ಅವ್ವಾ?” ಎಂದಳು.

ನಾಗರಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಎಂಥ ಬಡವರೂ ಮಗಳನ್ನು ತವರಿಗೆ ಕರೆತಂದು, ಜೋಳದ ಅಳ್ಳು ಹುರಿದು, ಉಂಡಿ ಕಟ್ಟಿ, ಜೋಕಾಲಿ ಹಾಕುತ್ತಾರೆ. ಆದರೆ ಪಂಚಮಿ ಬರುವುದು ಶ್ರಾವಣದಲ್ಲಿ. ಶ್ರಾವಣದಲ್ಲಿ ಗಡ್ಡಿಯ ಸುತ್ತ ನೀರು. ಚಂದಮ್ಮ ಮಗಳ ಬೆನ್ನು ಸವರಿದಳು.

ಮೊದಲ ಪಂಚಮಿಗೆ ಉಂಡಿಯ ಡಬ್ಬಿ ಕೊಟ್ಟು ಬಕ್ಕಪ್ಪನನ್ನು ಕಳಿಸಿದಳು, ಮಗಳನ್ನು ಕರೆತರಬೇಡವೆಂದು ಆಣೆ ಹಾಕಿಸಿ. ಎರಡನೆಯ ವರ್ಷವೂ ಹಾಗೆಯೇ. ಮೂರನೆಯ ವರ್ಷ ಭಾಗೀ ಸೀರೆ ಗಂಟು ಕಟ್ಟಿಟ್ಟುಕೊಂಡು ಹೊಸ್ತಿಲಲ್ಲಿ ಕಾದಿದ್ದಳಂತೆ. ಅಪ್ಪ ಒಬ್ಬನೇ ಹೊರಟು ನಿಂತಾಗ ಆಕೆ ಗಂಟನ್ನು ಬಿಚ್ಚದೆ ಒಳಗೆ ಒಯ್ದಳಂತೆ. ಬಕ್ಕಪ್ಪ ಇದನ್ನು ಹೇಳಿ, “ನಿನ್ನ ಎದಿ ಕಲ್ಲ ಅದ” ಎಂದು ಊಟಕ್ಕೆ ಕೂಡದೆ ಹೊರಗೆ ಹೋದ. ಚಂದಮ್ಮ ಒಲೆಯ ಮುಂದೆ ಕುಳಿತು ಅತ್ತಳು. ಅಂಜಿಕೆ ಅಷ್ಟು ಕೆಟ್ಟದ್ದು: ಮಗಳು ತನ್ನನ್ನು ದ್ವೇಷಿಸಿದರೂ ಸರಿ, ಬದುಕಿರಲಿ ಎನಿಸುತ್ತದೆ.

೧೯೮೩ರ ಶ್ರಾವಣದಲ್ಲಿ, ಪಂಚಮಿಗೆ ಇನ್ನೂ ನಾಲ್ಕಾರು ದಿನವಿರುವಾಗ, ಸೋನುಬಾಯಿ ತಾನೇ ಬಂದಿಳಿದಳು. ಹುಮನಾಬಾದಿನಲ್ಲಿ ಬಸ್ಸು ಬದಲಿಸಿ, ಕೆಸರು ತುಳಿದುಕೊಂಡು, ಒಬ್ಬಳೇ. ಕೊಟ್ಟ ನೀರನ್ನೂ ಮುಟ್ಟಲಿಲ್ಲ.

“ಬೀಗ್ತಿ, ಒಂದು ಮಾತು ಕೇಳಾಕ ಬಂದೀನ್ರಿ. ನಮ್ಮ ಸೊಸಿ ಏನ್ ತಪ್ಪು ಮಾಡ್ಯಾಳ? ಪಂಚಮಿ ಬಂತಂದ್ರ ಆಕಿ ಮಾರಿ ನೋಡಾಕ ಆಗಂಗಿಲ್ಲ. ಊರ ಹೆಣ್ಮಕ್ಕಳೆಲ್ಲಾ ಮಾಹೇರಕ್ಕ, ಅಂದ್ರ ತವರಿಗಿ, ಹೋಗತಾರ, ಈಕಿ ಅಡಗಿ ಮನ್ಯಾಗ ಮುಸುಕ ಹಾಕ್ಕೊಂಡು ಮಲಗತಾಳ. ಹಡದ ಆಯಿ ಇದ್ದೂ ಇಲ್ಲದಂಗ ಮಾಡೀರಲ್ಲ!”

ಚಂದಮ್ಮ ಬೀಗತಿಯ ಕೈ ಹಿಡಿದು ಏರಿಯ ಮೇಲೆ ಕರೆದೊಯ್ದಳು. ಕೆರೆ ತುಂಬಿತ್ತು. ಬೆರಳು ತೋರಿಸಿ, ದನಿ ತಗ್ಗಿಸಿ, ನೀರಿಗೆ ಕೇಳಿಸದಂತೆ, ಎಲ್ಲವನ್ನೂ ಹೇಳಿದಳು: ಕೊಟ್ಟ ಮಗಳು, ಬೇಡುವ ನೀರು, ಕೂಗಿದ ಹೆಸರು. “ಅದಕ್ಕs ಬೇಟಿಗಡ್ಡಿ ಅಂತಾರ್ರಿ.”

ಸೋನುಬಾಯಿ ಗಡ್ಡಿಯನ್ನು ನೋಡಿದಳು, ಚಂದಮ್ಮನನ್ನು ನೋಡಿದಳು.

“ಬೇಟ್ ತರ ಆಹೇ,” ಎಂದಳು. ಮರಾಠಿಯಲ್ಲಿ, ಇದು ಬೇಟ್ ಹೌದಲ್ಲ ಮತ್ತೆ, ಎಂದು. “ನಮ್ಮ ಊರ ಮುಂದ ಮಾಂಜ್ರಾ ನದ್ಯಾಗ ಇಂಥವು ಎರಡು ಬೇಟ್ ಅವ. ನಮ್ಮ ಹೊಲ ಒಂದು ಬೇಟಿನ ಮ್ಯಾಲೇ ಅದ.”

“ಬೇಟ್ ಅಂದ್ರ?”

“ನೀರಿನ ನಟ್ಟನಡುವ ಇರೋ ಭೂಮಿ. ನಿಮ್ಮ ಗಡ್ಡಿ ಅಂದ್ರ ನಮ್ಮ ಬೇಟ್. ಅದರಾಗ ಮಗಳೆಲ್ಲಿ ಬಂದಳ್ರಿ? ಮಗಳಿಗಿ ನಾವು ಲೇಕ್ ಅಂತೀವಿ.”

ಆ ಊರಿನವರಿಗೆ ಮರಾಠಿ ಬರುತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಬರುತ್ತಿತ್ತು, ಸಂತೆಯ ಮರಾಠಿ: ಚೌಕಾಸಿ ಮಾಡುವಷ್ಟು, ಬೈದಾಡುವಷ್ಟು. ಸಂತೆಯಲ್ಲಿ ನಡುಗಡ್ಡೆ ಯಾರು ಮಾರುತ್ತಾರೆ? ಹತ್ತಿರದಲ್ಲಿ ದೊಡ್ಡ ನದಿಯಿಲ್ಲ, ಆ ಮಾತು ಯಾರ ಕಿವಿಗೂ ಬಿದ್ದಿರಲಿಲ್ಲ. ಉರ್ದು ಚೆನ್ನಾಗಿ ಬರುತ್ತಿದ್ದದ್ದೇ ಮುಳುವಾಯಿತು. ತೂಬಿನ ಕಟ್ಟೆಯ ಮೇಲೆ ಕುಳಿತಿದ್ದ ಮುದುಕ ಸಿರಾಜುದ್ದೀನನನ್ನು ಚಂದಮ್ಮ ಕೇಳಿದಳು.

“ಚಾಚಾ, ಇದಕ್ಕ ಹಿಂದ ಏನ್ ಅಂತಿದ್ರಿ?”

ಮುದುಕ ತಲೆ ಕೆರೆದುಕೊಂಡ. “ನಮ್ಮ ಅಬ್ಬಾ ಬರೇ ಬೇಟ್ ಅಂತಿದ್ದ ನೋಡವ್ವಾ. ಏರಿ ಕಟ್ಟಿದ ಮಂದಿ ಮಾಂಜ್ರಾ ಕಡಿಂದ ಬಂದಿದ್ರಂತ, ಅವರು ಇಟ್ಟ ಹೆಸರು. ಬೇಟಿ ಅಂದಾವರು ನಾವು, ಹುಡುಗುರು. ಅಬ್ಬಾಗ ಸರಿ ಉರ್ದು ಬರಂಗಿಲ್ಲ ಅಂತ ನಗತಿದ್ವಿ.”

ಬೇಟಿಗಡ್ಡಿ. ಗಡ್ಡಿಗಡ್ಡಿ. ಎರಡು ಭಾಷೆಯಲ್ಲಿ ಒಂದೇ ಮಾತು, ಅಷ್ಟೇ. ಅದರೊಳಗೆ ಜಾಗೀರದಾರನ ಮಗಳಿರಲಿಲ್ಲ, ಗುತ್ತೇದಾರನ ಮಗಳೂ ಇರಲಿಲ್ಲ. ಆ ನೀರಿನಲ್ಲಿ ಮುಳುಗಿ ಸಾಯುವುದರಲ್ಲಿದ್ದ ಒಬ್ಬಳೇ ಬೇಟಿ ಈ ಮುದುಕನ ತಾಹೇರಾ, ಆಕೆಯನ್ನು ಮುಳುಗಿಸಿದ್ದು ‘ತಮ್ಮಾ’ ಎಂಬ ಕೂಗು. ಸೋನುಬಾಯಿ ನಗಲು ಹೋಗಿ ಬೀಗತಿಯ ಮುಖ ಕಂಡು ಬಾಯಿಗೆ ಸೆರಗು ಒತ್ತಿಕೊಂಡಳು. ಚಂದಮ್ಮನಿಗೆ ಸಮಾಧಾನ ಆಗಲಿಲ್ಲ, ಮೈಯೆಲ್ಲ ಹೊಸ ಅಂಜಿಕೆ ಹತ್ತಿತು. ಯಾವ ನೀರೂ ಕೇಳದ ಮಗಳನ್ನು ಕಾಯುತ್ತೇನೆಂದು ನಾನೇ ದೂರ ಎಸೆದು ಬಂದೆನಲ್ಲ! ಊರ ಹೆಸರು ಹುಡಗಿ, ಹಂಗಂತ ಹುಡುಗಿಯನ್ನು ನೀರಿಗೆ ಕೊಟ್ಟಿಲ್ಲ ಎಂದು ಎಂದೋ ನಕ್ಕವಳು ನಾನೇ ಅಲ್ಲವೇ? ಆ ನಗುವ ಹುಡುಗಿಯ ಮಾತನ್ನು ಯಾಕೆ ಮರೆತೆ? ಈಗ ಕರೆಯಲು ಹೋದರೆ ಭಾಗೀ ಬರುತ್ತಾಳೆಯೇ?

ಮರುದಿನ ಬೀಗತಿಯ ಜೊತೆ ತಾನೇ ಹೊರಟಳು.  ಅಂಗಳದಲ್ಲಿ ತಾಯಿಯನ್ನು ಕಂಡ ಭಾಗೀ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟು, “ಅಪ್ಪ ಆರಾಮ ಅದಾನಿಲ್ಲ?” ಎಂದಳು. ಸಾವಿನ ಸುದ್ದಿ ಹೊರತು ಅವ್ವ ಬರಲಾರಳೆಂದು ಆಕೆಯ ಲೆಕ್ಕ. ಪಂಚಮಿಗೆ ಕರೆಯಲು ಬಂದಿದ್ದೇನೆ ಎಂದಾಗ ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಬರುವಾಗ ಕೈಯಲ್ಲಿ ಗಂಟಿತ್ತು. ಹಳೆಯ ಗಂಟೋ ಹೊಸದೋ, ಚಂದಮ್ಮ ಕೇಳಲಿಲ್ಲ. ದಾರಿಯಲ್ಲಿ ಬೇಟ್ ಎಂಬ ಮಾತಿನ ಕಥೆಯನ್ನೆಲ್ಲ ಹೇಳಿದಳು. ಮಗಳು ಕಿಟಕಿಯ ಹೊರಗೆ ನೋಡುತ್ತ ಕೇಳಿಸಿಕೊಂಡಳು.

ಪಂಚಮಿಯ ಬೆಳಿಗ್ಗೆ ಹುತ್ತಕ್ಕೆ ಹಾಲು ಎರೆಯಲು ಹೊರಟರು. ಹುತ್ತ ಇರುವುದು ಏರಿಯ ಆ ತುದಿಯಲ್ಲಿ. ಭಾಗೀ ಹಾಲಿನ ಗಿಂಡಿ ಹಿಡಿದು ಸರಸರ ಮುಂದೆ ನಡೆದಳು, ತಾಯಿಗಾಗಿ ನಿಲ್ಲಲಿಲ್ಲ. ಎಡಕ್ಕೆ ಕೆಂಪು ನೀರು ಅಲೆಯಾಡುತ್ತಿತ್ತು, ನಡುವೆ ಗಡ್ಡಿ ಹಾಗೆಯೇ ನಿಂತಿತ್ತು. ಚಂದಮ್ಮ ಹಿಂದೆ ಉಳಿದಳು. ಅರ್ಥ ಗೊತ್ತಾದ ಮಾತ್ರಕ್ಕೆ ಅಂಜಿಕೆ ಹೋಗುತ್ತದೆಂದು ಹೇಳುವವರು ಅಂಜಿ ನೋಡಿಲ್ಲ. ಆದರೂ ಇವತ್ತು ಕರೆಯದಿದ್ದರೆ ಮುಂದೆಂದೂ ಕರೆಯಲಾರೆ ಎನಿಸಿತು. ಎರಡೂ ಕೈಯಲ್ಲಿ ಸೆರಗು ಹಿಡಿದುಕೊಂಡು, ಬಯಲಿನಲ್ಲಿ, ತುಂಬಿದ ಕೆರೆಯ ಎದುರು, ಕೂಗಿದಳು.

“ಭಾಗೀ!”

ಮಗಳು ನಿಂತಳು. ತಿರುಗಲಿಲ್ಲ. ಎತ್ತಿದ ಕಾಲು ಎತ್ತಿದ ಹಾಗೆಯೇ, ಗಿಂಡಿಯ ಹಾಲು ಕೈ ಮೇಲೆ ಚೆಲ್ಲುತ್ತಿದ್ದರೂ ಅಲುಗದೆ, ಕಲ್ಲಾಗಿ ನಿಂತಳು. ಕೆರೆ ತುಂಬಿದಾಗ ಬಯಲಿನಲ್ಲಿ ತಾಯಿಯ ಬಾಯಿಂದ ಆ ಹೆಸರನ್ನು ಆಕೆ ಇದಕ್ಕೂ ಮುಂಚೆ ಕೇಳಿದ್ದು ಜೀವದಲ್ಲಿ ಒಂದೇ ಸಲ, ಆ ಗುಂಡಿಯ ಅಂಚಿನಲ್ಲಿ.

“ಯಾ ಕಡಿ ಹೊರಳಲಿ ಅವ್ವಾ?” ಎಂದಳು. ದನಿ ಒಂಬತ್ತು ವರ್ಷದ್ದಾಗಿತ್ತು.

ಚಂದಮ್ಮ ಓಡಿ ಹೋಗಿ ಹಿಂದಿನಿಂದ ಮಗಳನ್ನು ತಬ್ಬಿಕೊಂಡಳು. 

“ಯಾ ಕಡೀನೂ ಬ್ಯಾಡವ್ವಾ. ಏನೂ ಆಗಿಲ್ಲ. ಸುಮ್ಮನs ಕರದೆ.”

ಎತ್ತಿದ ಕಾಲು ಮೆಲ್ಲಗೆ ನೆಲಕ್ಕೆ ಬಂತು. ಭಾಗೀ, “ಹಂಗಾದ್ರ ಇನ್ನೊಮ್ಮಿ ಕರಿ” ಎಂದಳು.

ಚಂದಮ್ಮ ಮೊದಲು ನೀರಿನ ಕಡೆಗೆ ನೋಡಿದಳು. ಆಮೇಲೆ ಕರೆದಳು.